ವಾಕರ್ ಅಜ್ಜಿಯ ಹೆಸರು ಕೇಳಲು ಹೋದದ್ದು

ಹಾಜರಿ ಕರೆಯುವಾಗ ಟೇಲರ್, ಥಾಮ್ಸನ್, ಟ್ರಾನ್ ಆದ ಮೇಲೆ ನಮ್ಮ ಟೀಚರ್ ಒಂದು ಕ್ಷಣ ನಿಲ್ಲುತ್ತಿದ್ದರು. ಕನ್ನಡಕ ಸರಿ ಮಾಡಿಕೊಂಡು, ಪುಸ್ತಕವನ್ನು ಸ್ವಲ್ಪ ಹತ್ತಿರ ತಂದುಕೊಂಡು, ಬಾಯಿ ತೆರೆಯುತ್ತಿದ್ದರು. ಅಷ್ಟರಲ್ಲಿ ನಾನು "ಹಿಯರ್!" ಎಂದು ಕೂಗಿಬಿಡುತ್ತಿದ್ದೆ. ಅವರೂ ಬಚಾವು, ನಾನೂ ಬಚಾವು. ಸಿಡ್ನಿಯ ಪೆಂಡಲ್ ಹಿಲ್‌ನಲ್ಲಿದ್ದಷ್ಟು ಕಾಲ ಶಾಲೆಯಲ್ಲಿ ನನ್ನ ಅಡ್ಡಹೆಸರನ್ನು ಯಾರ ಬಾಯಿಂದಲೂ ಪೂರ್ತಿ ಕೇಳಲಿಲ್ಲ. ಕೇಳದ ಹಾಗೆ ನೋಡಿಕೊಂಡೆ ಅನ್ನುವುದೇ ಸರಿ. ಹುಬ್ಬಳ್ಳಿಯಲ್ಲಿ ಮೂರನೇ ಇಯತ್ತೆ ಮುಗಿಸಿ ಬಂದವಳು ನಾನು. ಅಲ್ಲಿ ನಮ್ಮ ತರಗತಿಯಲ್ಲಿ ಒಬ್ಬಳು ಮೆಣಸಿನಕಾಯಿ, ಒಬ್ಬ ಬೆಲ್ಲದ, ಒಬ್ಬ ಅಕ್ಕಿ, ಇಬ್ಬರು ಎಣ್ಣಿ ಇದ್ದರು. ಅಷ್ಟು ದೊಡ್ಡ ಕಿರಾಣಿ ಅಂಗಡಿಯ ನಡುವೆ ಗಿರಿಜಾ ಉಳ್ಳಾಗಡ್ಡಿ ಎಂದರೆ ಯಾರೂ ತಿರುಗಿ ನೋಡುತ್ತಿರಲಿಲ್ಲ. ಯಾವ ಅಜ್ಜ ಯಾವ ಕಾಲದಲ್ಲಿ ಏನು ಮಾರುತ್ತಿದ್ದನೋ ಅದೇ ಮನೆತನಕ್ಕೆ ಅಂಟಿಕೊಂಡ ಊರು ಅದು. ನಮ್ಮ ಮುತ್ತಜ್ಜನದು ಉಳ್ಳಾಗಡ್ಡಿ ವಖಾರಿ, ಅಂದರೆ ಸಗಟು ಮಂಡಿ, ಇತ್ತಂತೆ. ಸಿಡ್ನಿಗೆ ಬಂದ ಮೇಲೆ ಎರಡೂ ಕಡೆಯಿಂದ ಪೆಟ್ಟು. ಶಾಲೆಯ ಮಕ್ಕಳಿಗೆ ಹೆಸರು ಅನ್ನಲು ಬರುತ್ತಿರಲಿಲ್ಲ. ತಿಂಗಳಿಗೊಮ್ಮೆ ಕನ್ನಡದವರು ಸೇರುತ್ತಿದ್ದ ಊಟಕ್ಕೆ ಹೋದರೆ ಬೆಂಗಳೂರಿನ ಮಕ್ಕಳಿಗೆ ಅದರ ಅರ್ಥ ಗೊತ್ತಿತ್ತು.

"ಸರ್‌ನೇಮೇ ಈರುಳ್ಳೀನಾ? ಸೀರಿಯಸ್ಲಿ?"

ಆಮೇಲೆ ಬಜ್ಜಿಯ ತಟ್ಟೆ ಬಂದಾಗಲೆಲ್ಲ ನನ್ನ ಕಡೆ ನೋಡಿ ನಗು. ನಾನೂ ನಕ್ಕು, ಮನೆಗೆ ಬಂದು, ಬಾತ್‌ರೂಮಿನ ನಲ್ಲಿ ಬಿಟ್ಟುಕೊಂಡು ಅಳುತ್ತಿದ್ದೆ.

ಮನೆಯೊಳಗಿನ ಕತೆ ಇನ್ನೊಂದು. ಅಮ್ಮ ಮೈಸೂರಿನವಳು. ಅವಳ ತವರಿನಲ್ಲಿ ಅಡ್ಡಹೆಸರು ಅನ್ನುವ ವಸ್ತುವೇ ಇರಲಿಲ್ಲ. ಎಲ್ಲರಿಗೂ ಎರಡೆರಡು ಇನಿಷಿಯಲ್, ಅಷ್ಟೆ. ಈರುಳ್ಳಿಯೂ ಇರಲಿಲ್ಲ. ನನ್ನ ಅಜ್ಜಿ ಅದನ್ನು ಅಡುಗೆಮನೆಯ ಹೊಸ್ತಿಲು ದಾಟಲು ಬಿಟ್ಟವಳಲ್ಲ. ಅಂಥ ಮನೆಯ ಹುಡುಗಿ ಕಾಲೇಜಿನಲ್ಲಿ ಕಂಡ ಹುಬ್ಬಳ್ಳಿಯ ಹುಡುಗನನ್ನು ಹಟ ಹಿಡಿದು ಮದುವೆಯಾಗಿ, ಈರುಳ್ಳಿಯೇ ಹೆಸರಾಗಿರುವ ಮನೆಗೆ ಬಂದಳು. ಬಂದಳು, ಆದರೆ ಹೆಸರು ಹಾಕಿಕೊಳ್ಳಲಿಲ್ಲ. ಪಾಸ್‌ಪೋರ್ಟಿನಲ್ಲಿ ಅವಳು ಸುಧಾ, ಅದರ ಹಿಂದೆ ಅವಳ ಅಪ್ಪನ ಹೆಸರು. ನಾವು ಬಾಡಿಗೆಗೆ ಹಿಡಿದಿದ್ದ ಆ ಹಳೆಯ ಫೈಬ್ರೊ, ಅಂದರೆ ಸಿಮೆಂಟ್ ಹಾಳೆಯ, ಮನೆಯ ಗೋಡೆಗಳು ಎಷ್ಟು ತೆಳುವೆಂದರೆ ಬೇಸಿಗೆಯಲ್ಲಿ ಒಳಗಿದ್ದರೂ ಹೊರಗಿದ್ದ ಹಾಗೆ. ಅಡುಗೆಮನೆ ಕಿರಿದು. ಅದರ ಒಂದು ಬದಿಯ ಕಪಾಟು ಅಪ್ಪನದು, ಜೋಳದ ಹಿಟ್ಟು, ಗುರೆಳ್ಳು ಚಟ್ನಿ, ಕೆಂಪು ಖಾರ. ಇನ್ನೊಂದು ಬದಿ ಅಮ್ಮನದು, ಸಾರಿನ ಪುಡಿ, ಹುಣಸೆಹಣ್ಣು, ಇಂಗು. ದಿನ ಬಿಟ್ಟು ದಿನ ರೊಟ್ಟಿ, ದಿನ ಬಿಟ್ಟು ದಿನ ಅನ್ನ ಸಾರು ಎಂದು ಒಪ್ಪಂದವಾಗಿತ್ತು. ಭಾನುವಾರ ಯಾರ ಪಾಲಿಗೆ ಅನ್ನುವುದು ಮಾತ್ರ ಕೊನೆಯವರೆಗೂ ತೀರ್ಮಾನವಾಗಲಿಲ್ಲ. ರೊಟ್ಟಿಯ ದಿನ ಅಪ್ಪ ನೆಲದ ಮೇಲೆ ಪೇಪರ್ ಹಾಸಿ, ಒಂದು ಉಳ್ಳಾಗಡ್ಡಿ ಇಟ್ಟು, ಮುಷ್ಟಿ ಎತ್ತಿ ಒಂದೇ ಗುದ್ದಿಗೆ ಒಡೆಯುತ್ತಿದ್ದ. ಮನೆಯೆಲ್ಲ ಅದುರುತ್ತಿತ್ತು.

"ರೀ, ಚಾಕು ಅಂತ ಒಂದಿದೆ ಈ ಮನೇಲಿ."

"ಚಾಕು ಹಚ್ಚಿದ್ರ ರುಚಿ ಹೋಗ್ತದ. ಉಳ್ಳಾಗಡ್ಡಿ ಗುದ್ದೇ ತಿನ್ಬೇಕು."

"ಮನೆತನದ ಮರ್ಯಾದೇನ ದಿನಾ ಗುದ್ದಿ ತಿನ್ನೋರನ್ನ ನಾನು ಇಲ್ಲೇ ನೋಡಿದ್ದು."

ಇದು ಜಗಳವಲ್ಲ. ಅವರಿಬ್ಬರೂ ಮಾತಾಡುತ್ತಿದ್ದ ರೀತಿಯೇ ಹಾಗೆ, ಇವತ್ತಿಗೂ ಹಾಗೆ. ನಿಜವಾದ ಜಗಳವಾದಾಗ ಮನೆ ಸುಮ್ಮನಾಗುತ್ತಿತ್ತು. ಆ ವರ್ಷ ಮನೆ ಬಹಳ ಸುಮ್ಮನಾಯಿತು. ಅಪ್ಪ ಊರಿನಲ್ಲಿ ನೀರಿನ ಪೈಪು, ಕಾಲುವೆಗಳ ಇಂಜಿನಿಯರ್. ಇಲ್ಲಿ ಗೋದಾಮೊಂದರಲ್ಲಿ ಪೆಟ್ಟಿಗೆ ಎತ್ತಿಡುವ ಕೆಲಸ. ತಾತ್ಕಾಲಿಕ ಅಂದುಕೊಂಡದ್ದು ವರ್ಷಕ್ಕೆ ಬಂದಿತ್ತು. ಪ್ರತಿ ಭಾನುವಾರ ಊಟದ ಮೇಜಿನ ಮೇಲೆ ರೆಸ್ಯೂಮೆಗಳನ್ನು ಹರವಿಕೊಂಡು ಲಕೋಟೆಗೆ ತುಂಬುತ್ತಿದ್ದ. ಸ್ಟಾಂಪಿಗೆ ನೀರು ಹಚ್ಚುವ ಕೆಲಸ ನನ್ನದು. ಕೆಲವರಿಂದ ವಿಷಾದದ ಪತ್ರ ಬರುತ್ತಿತ್ತು, ಹಲವರಿಂದ ಏನೂ ಇಲ್ಲ. ಫೋನ್ ಅಂತೂ ಒಮ್ಮೆಯೂ ಬರಲಿಲ್ಲ. ಒಂದು ಸಂಜೆ ರೊಟ್ಟಿಗೆ ಕೂತಾಗ ಅಪ್ಪ ತಾನೇ ಎದ್ದು ಹೋಗಿ ಚಾಕು ತಂದು ಉಳ್ಳಾಗಡ್ಡಿಯನ್ನು ತೆಳ್ಳಗೆ ಹೆಚ್ಚಿದ. ಅಮ್ಮ ಏನಾದರೂ ಅಂದಾಳು ಎಂದು ನಾನು ಕಾದೆ. ಅವಳು ಒಂದು ಮಾತೂ ಆಡಲಿಲ್ಲ. ಆವತ್ತು ನನಗೆ ನಿಜವಾಗಿ ಹೆದರಿಕೆಯಾಯಿತು.

ಆನಂದ್ ಅಂಕಲ್ ಬಂದದ್ದು ಅದೇ ವಾರ. ಅವರು ಅಪ್ಪನ ಬೆಂಗಳೂರಿನ ಗೆಳೆಯ, ಐಟಿಯವರು, ಆಫೀಸಿನಲ್ಲಿ ಆ್ಯಂಡಿ.

"ಬೇಜಾರು ಮಾಡ್ಕೋಬೇಡಿ, ಹೆಸರು ಓದಕ್ಕೇ ಆಗ್ಲಿಲ್ಲ ಅಂದ್ರೆ ಯಾರು ಸಾರ್ ಫೋನ್ ಮಾಡ್ತಾರೆ? ಒಂದು ಫಾರ್ಮ್ ಫಿಲ್ ಮಾಡಿ, ಸರ್‌ನೇಮ್ ಚೇಂಜ್ ಮಾಡ್ಕೊಳ್ಳಿ. ಸಿಂಪಲ್ ಆಗಿ ಏನಾದ್ರೂ. ನೋಡ್ತಿರಿ, ಫೋನ್ ನಿಲ್ಲಲ್ಲ."

ಅಪ್ಪ ಫಾರ್ಮ್ ತಂದ. ಎರಡು ದಿನ ಯೋಚಿಸಿ, ಹೊಸ ಹೆಸರಿನ ಜಾಗದಲ್ಲಿ ಪೆನ್ಸಿಲ್ಲಿನಿಂದ "ವಾಕರ್" ಎಂದು ಬರೆದ. ವಾಕರ್ ಯಾಕೆಂದರೆ ಪಕ್ಕದ ಮನೆಯ ಲೆಟರ್ ಬಾಕ್ಸಿನ ಮೇಲೆ ಕಬ್ಬಿಣದ ಅಕ್ಷರಗಳಲ್ಲಿ ಹಾಗಿತ್ತು. ಅಲ್ಲಿ ಒಬ್ಬಂಟಿಯಾಗಿದ್ದ ಜೀನ್ ವಾಕರ್, ನಾವು ಬಂದ ಮೊದಲ ದಿನ ನಿಂಬೆಹಣ್ಣು ಕೊಟ್ಟವರು. ಜೀನ್ ಅನ್ನಿ ಎಂದು ಅವರು ಎಷ್ಟು ಹೇಳಿದರೂ ಅಷ್ಟು ವಯಸ್ಸಾದವರನ್ನು ಹೆಸರು ಹಿಡಿದು ಕರೆಯಲು ಅಮ್ಮನಿಗೆ ನಾಲಗೆ ಹೊರಳಲಿಲ್ಲ. ನಮಗೆಲ್ಲ ಅವರು ವಾಕರ್ ಅಜ್ಜಿ. ಗೊತ್ತಿರುವ ಮನೆಯ ಹೆಸರೇ ಇರಲಿ ಅನ್ನುವುದು ಅಪ್ಪನ ವಿಚಾರ. ನನಗೋ ಸ್ವರ್ಗಕ್ಕೆ ಮೂರೇ ಗೇಣು. ಗಿರಿಜಾ ವಾಕರ್, ಗಿರಿಜಾ ವಾಕರ್ ಎಂದು ರಫ್ ನೋಟ್‌ಬುಕ್ಕಿನ ನಾಲ್ಕು ಪುಟ ಸಹಿ ಮಾಡಿದೆ. ಅಮ್ಮ ಮಾತ್ರ ಸೌಟು ಹಿಡಿದುಕೊಂಡೇ ಹೊರಗೆ ಬಂದಳು.

"ಈ ಹೆಸರು ಹೋಗಕೂಡದು."

"ಅಲ್ಲ, ನೀನರ ಒಂದ್ ದಿನ ಹಾಕ್ಕೊಂಡಿಯೇನ ಈ ಹೆಸರು?"

"ನಾನು ಹಾಕ್ಕೊಳ್ಲಿಲ್ಲ, ನಿಜ. ಹಾಗಂತ ಎಸೆದ್ಬಿಡಿ ಅಂತ ಯಾವತ್ತಾದ್ರೂ ಹೇಳಿದ್ನಾ? ಈ ಹೆಸರಿಗೋಸ್ಕರ ನಮ್ಮಪ್ಪನ ಹತ್ರ ಮೂರು ವರ್ಷ ಮಾತು ಬಿಟ್ಟಿದೀನಿ ನಾನು. ಈಗ ವಾಕರ್ ಅಂತೆ!"

ಅಪ್ಪ ಪೆನ್ಸಿಲ್ಲನ್ನು ಫಾರ್ಮಿನ ಮೇಲೆ ಇಟ್ಟ. "ಮಗಳನ್ನ ಓದಸ್ಬೇಕಲ್ಲ ಸುಧಾ," ಅಂದ. ಅಮ್ಮ ಒಳಗೆ ಹೋದಳು.

ಈಗ ಹೇಳುವುದು ನಮ್ಮವರಷ್ಟೇ ಮಾಡಬಲ್ಲ ಕೆಲಸ. ಯಾವುದೋ ಇಂಗ್ಲಿಷ್ ಹೆಸರನ್ನು ಯಾರೂ ಇಟ್ಟುಕೊಳ್ಳಬಹುದು, ಅದಕ್ಕೆ ಪಕ್ಕದ ಮನೆಯವರ ಒಪ್ಪಿಗೆ ಬೇಕಿಲ್ಲ. ಆದರೆ ಅಪ್ಪನಿಗೆ ಅದು ಸರಿ ಕಾಣಲಿಲ್ಲ. ನಮ್ಮ ಕಡೆ ಇನ್ನೊಂದು ಮನೆತನದ ಹೆಸರು ಹೇಳಿಕೊಳ್ಳುವುದೆಂದರೆ ದತ್ತು ಹೋದ ಹಾಗೆ. ಆ ಮನೆಯ ಹಿರಿಯರನ್ನು ಕೇಳದೆ, ಎಲೆ ಅಡಿಕೆ ಹಿಡಿಯದೆ ಆಗುವ ಮಾತಲ್ಲ. ಹಾಗಾಗಿ ಮಂಗಳವಾರ ಬೇಡ, ರಾಹುಕಾಲ ಬೇಡ ಎಂದೆಲ್ಲ ನೋಡಿ ಗುರುವಾರ ಸಂಜೆ ಗೊತ್ತು ಮಾಡಿದ. ಸ್ಟೇಷನ್ ಹತ್ತಿರದ ಇಂಡಿಯನ್ ಅಂಗಡಿಯಿಂದ ತೆಂಗಿನಕಾಯಿ, ಐದು ಬಗೆಯ ಹಣ್ಣು, ವೀಳ್ಯದೆಲೆ ಬಂದವು. ಪೆಟ್ಟಿಗೆಯಿಂದ ಊರಿನ ಒಂದು ರವಿಕೆಯ ಖಣ ಹೊರಬಂತು. ಅಮ್ಮ ಮುಖ ಗಂಟು ಹಾಕಿಕೊಂಡೇ ರೇಷ್ಮೆ ಸೀರೆ ಉಟ್ಟಳು.

"ಹೆಣ್ಣು ಕೇಳೋಕೆ ಹೊರಟ ಹಾಗಿದೆ. ಆ ಅಜ್ಜಿ ಹೆದರಿ ಪೊಲೀಸರನ್ನ ಕರೀದೆ ಇದ್ರೆ ಸಾಕು."

ವಾಕರ್ ಅಜ್ಜಿ ಪೊಲೀಸರನ್ನು ಕರೆಯಲಿಲ್ಲ, ಚಹಾ ಮಾಡಿದರು. ನಾವು ಒಯ್ದ ಕಾಯಿ ಹಣ್ಣಿನ ತಟ್ಟೆಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡು, ವೀಳ್ಯದೆಲೆಯನ್ನು ಮೂಸಿ ನೋಡಿ, ವಿಷಯ ಏನೆಂದು ಕೇಳಿದರು. ಅವರ ಹಜಾರದ ಗೋಡೆಯ ಮೇಲೆ ಇಂಗ್ಲೆಂಡಿನ ದೊಡ್ಡ ನಕ್ಷೆ, ಅದರ ತುಂಬ ಬಣ್ಣಬಣ್ಣದ ತಲೆಯ ಗುಂಡುಪಿನ್ನುಗಳು. ಹೆಸರುಗಳ ಮೂಲ ಹುಡುಕುವುದು ಅವರಿಗೆ ಹುಚ್ಚು ಅನ್ನುವುದು ನಮಗೆ ಗೊತ್ತಾದದ್ದೇ ಆವತ್ತು. ಅಪ್ಪ ಗಂಟಲು ಸರಿ ಮಾಡಿಕೊಂಡು, ಎದ್ದು ನಿಂತು, ತನ್ನ ಅತ್ಯುತ್ತಮ ಇಂಗ್ಲಿಷಿನಲ್ಲಿ, ತಾವು ಒಪ್ಪಿದರೆ ತಮ್ಮ ಮನೆತನದ ಹೆಸರನ್ನು ನಾವು ಇಟ್ಟುಕೊಳ್ಳುತ್ತೇವೆ, ಅದಕ್ಕೆ ಕಳಂಕ ತರುವುದಿಲ್ಲ ಎಂದು ಮಾತು ಕೊಟ್ಟ. ಅಜ್ಜಿ ಚಹಾದ ಕಪ್ಪು ಕೆಳಗಿಟ್ಟರು. ಆಮೇಲೆ ಅವರು ಆಡಿದ್ದೆಲ್ಲ ಇಂಗ್ಲಿಷೇ. ಆದರೆ ಅಪ್ಪ ಅದನ್ನು ಬಂದ ನೆಂಟರಿಗೆಲ್ಲ ಎಷ್ಟು ಸಲ ಹೇಳಿದ್ದಾನೆಂದರೆ, ನನ್ನ ನೆನಪಿನಲ್ಲಿ ವಾಕರ್ ಅಜ್ಜಿ ಅಪ್ಪಟ ಹುಬ್ಬಳ್ಳಿ ಕನ್ನಡವನ್ನೇ ಆಡುತ್ತಾರೆ.

"ನೋಡ ತಮ್ಮಾ, ಕುರಿ ಉಣ್ಣೀ ಬಟ್ಟಿ ಮಗ್ಗದಿಂದ ಬಂದಾಗ ಸಡ್ಲ, ಜಾಳ ಇರ್ತದ. ಅದನ್ನ ತೊಟ್ಟಿಗಿ ಹಾಕಿ, ಮನಿಮನಿಯಿಂದ ಕೂಡಿಸಿ ತಂದ ಹಳೇ ಉಚ್ಚಿ ಸುರುವಿ, ಅದು ದಟ್ಟ ಆಗ್ಲಿ ಅಂತ ಬರಿಗಾಲಿಲೆ ದಿನಾಪೂರ್ತಿ ತುಳೀತಿದ್ರು. ಹಂಗ ತುಳದವ್ರ ವಾಕರ್. ಉತ್ತರದಾಗ ವಾಕರ್, ದಕ್ಷಿಣದಾಗ ಫುಲ್ಲರ್, ಪಶ್ಚಿಮದ ತುದೀಗಿ ಹೋದ್ರ ಟಕ್ಕರ್. ಕೆಲಸ ಒಂದ, ನಾತ ಒಂದ, ಹೆಸರು ಮೂರು."

ಅಪ್ಪ ನಕ್ಷೆಯನ್ನು ನೋಡಿದ, ಅಜ್ಜಿಯನ್ನು ನೋಡಿದ.

"ಉಚ್ಚಿ ಅಂದ್ರ... ಮಂದೀದು?"

"ಮಂದೀದ. ಎಷ್ಟು ಹಳೇದಾದ್ರ ಅಷ್ಟು ಚಲೋ."

ಅಪ್ಪನ ಹೆಗಲು ಮೊದಲು ಅಲುಗಿತು. ಆಮೇಲೆ ನಗು ಬಂತು ನೋಡಿ, ಕಣ್ಣಲ್ಲಿ ನೀರು ಬರುವ ನಗು, ಕೂತಲ್ಲಿ ಕೂರಲಾರದ ನಗು. ನಮ್ಮದು ಉಳ್ಳಾಗಡ್ಡಿ, ಆನಿಯನ್, ಎಂದು ಹೇಳಲು ಹೋಗಿ ಹೇಳಲಾಗದೆ ಮತ್ತೆ ನಕ್ಕ. ತಿಂಗಳುಗಟ್ಟಲೆ ಕೇಳದಿದ್ದ ಆ ಸದ್ದು ಕೇಳಿ ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. ನನಗೆ ಮಾತ್ರ ಗಾಬರಿ. ಉಚ್ಚೆಯಾದರೂ ಸರಿ, ನನಗೆ ವಾಕರ್ ಬೇಕಾಗಿತ್ತು. ನಗುವಿನ ನಡುವೆ ನನ್ನ ಹೆಸರು ಕೈ ತಪ್ಪಿ ಹೋಗುತ್ತಿದೆ ಅನ್ನಿಸಿ, ಕೇಳಿಯೇಬಿಟ್ಟೆ, ನಾವು ಇಟ್ಟುಕೊಳ್ಳಬಹುದು ತಾನೇ? ಅಜ್ಜಿ ನನ್ನನ್ನು ಹತ್ತಿರ ಕೂರಿಸಿಕೊಂಡರು.

"ಇಟ್ಕೋರಿ, ಯಾರ್ ಬ್ಯಾಡಂತಾರ? ಖರೇ ಅಂದ್ರ ಅದು ನಂದೂ ಅಲ್ಲ, ನನ್ನ ಗಂಡಂದು. ನಾ ಹುಟ್ಟಿದ ಮನೀ ಹೆಸರು ಗೋಟೋಬೆಡ್."

ನಾನು ಕಿಸಕ್ಕನೆ ನಕ್ಕೆ. ಹೋಗಿ ಮಲಗು ಎಂದು ಯಾರಾದರೂ ಹೆಸರಿಟ್ಟುಕೊಳ್ಳುತ್ತಾರೆಯೇ? ಅಜ್ಜಿ, ಹೌದು, ಎಲ್ಲರೂ ಹೀಗೇ ನಗುತ್ತಿದ್ದರು, ಅಂದರು. ಇಂಗ್ಲೆಂಡಿನ ಪೂರ್ವದ ಜೌಗು ನಾಡಿನಲ್ಲಿ, ನಕ್ಷೆಯ ಮೇಲೆ ಮೂರೇ ಮೂರು ಹಸಿರು ಪಿನ್ನುಗಳಿದ್ದ ಜಾಗದಲ್ಲಿ, ಯಾವನೋ ನಿದ್ದೆಬುರುಕನಿಗೆ ಊರವರು ಕೊಟ್ಟ ಹೆಸರಿರಬೇಕು. ತಿಳಿದವರು ಬೇರೆ ಏನೇನೋ ಹೇಳುತ್ತಾರೆ. ಶಾಲೆಯಲ್ಲಿ ಹುಡುಗರು ದಿನವೂ ಹೋಗಿ ಮಲಗು, ಹೋಗಿ ಮಲಗು ಎಂದು ಅವರನ್ನು ಕಾಡುತ್ತಿದ್ದರಂತೆ. ಚಿಕ್ಕಪ್ಪಂದಿರು ನಾಚಿಕೆ ತಾಳದೆ ಒಬ್ಬೊಬ್ಬರಾಗಿ ಬೇರೆ ಹೆಸರು ಮಾಡಿಕೊಂಡರು. ಇವರೂ ಮದುವೆಯಾದ ದಿನ ಚರ್ಚಿನಲ್ಲಿ ವಾಕರ್ ಎಂದು ಸಹಿ ಹಾಕಿ, ಅಬ್ಬಾ, ಪೀಡೆ ತೊಲಗಿತು ಅಂದುಕೊಂಡರು. ಅಷ್ಟು ಹೇಳಿ, ಟೆಲಿಫೋನಿನ ಕೆಳಗಿದ್ದ ದಪ್ಪ ಡೈರೆಕ್ಟರಿಯನ್ನು ಎಳೆದು ನನ್ನ ತೊಡೆಯ ಮೇಲಿಟ್ಟು, ವಾಕರ್ ಹುಡುಕು ಅಂದರು. ಹುಡುಕುವುದೇನು, ಪುಟ ತಿರುಗಿಸಿದರೂ ತಿರುಗಿಸಿದರೂ ವಾಕರ್‌ಗಳೇ. ಜೆ. ವಾಕರ್ ಎಂದೇ ಸಾಲುಸಾಲು. ಇನ್ನೊಬ್ಬ ಜೆ. ವಾಕರನ ಹಲ್ಲಿನ ಡಾಕ್ಟರ್ ತಮಗೆ ಫೋನ್ ಮಾಡುತ್ತಾನೆ ಅಂದರು. ಈಗ ಗೋಟೋಬೆಡ್ ಹುಡುಕು ಅಂದರು. ಇರಲಿಲ್ಲ. ಬೆರಳಿಟ್ಟು ಮೇಲಿನಿಂದ ಕೆಳಗೆ ಎರಡು ಸಲ ನೋಡಿದೆ, ಒಂದೂ ಇರಲಿಲ್ಲ.

"ಇಷ್ಟು ದೊಡ್ಡ ಊರಾಗ ಒಬ್ರೂ ಇಲ್ಲ. ಎಲ್ಲಾರೂ ನಾಚಿದ್ವಿ, ಎಲ್ಲಾರೂ ಬಿಟ್ಟು ಬಂದ್ವಿ. ಈಗ ಯಾರರ ನಕ್ಕರೂ ಅಡ್ಡಿಯಿಲ್ಲ, ಒಮ್ಮೆ ಹಂಗ ಕರೀಲಿ ಅನಸ್ತದ. ಕರಿಯವ್ರ ಇಲ್ಲ."

ನಮ್ಮದನ್ನು ನಾನೇ ಕೇಳದೆ ಹುಡುಕಿದೆ. ಒಂದೇ ಸಾಲು. ಉಳ್ಳಾಗಡ್ಡಿ ಬಿ., ಅದರ ಮುಂದೆ ನಮ್ಮ ಬೀದಿ, ನಮ್ಮ ನಂಬರು. ಮೇಲೆ ಕೆಳಗೆ ಎಲ್ಲ ಬೇರೆ ಬೇರೆ ಜನ. ಅದನ್ನು ಅಳಿಸಿದರೆ ಇಡೀ ಸಿಡ್ನಿಯಲ್ಲಿ ನಾವು ಇಲ್ಲ ಅನ್ನಿಸಿ, ಬೆರಳನ್ನು ಆ ಸಾಲಿನ ಮೇಲೆ ಹಾಗೇ ಒತ್ತಿ ಹಿಡಿದೆ. ಹಾಗಂತ ಆ ಹೆಸರು ಕೂಡಲೇ ಇಷ್ಟವಾಯಿತು ಎಂದರೆ ಸುಳ್ಳು. ಮನೆಗೆ ಬಂದ ಮೇಲೆ ಅಪ್ಪ ಫಾರ್ಮನ್ನು ಹರಿಯಲೂ ಇಲ್ಲ, ಕಳಿಸಲೂ ಇಲ್ಲ; ಬಸವಣ್ಣನ ಫೋಟೊದ ಕೆಳಗೆ ಇಟ್ಟ. ತಿಂಗಳು ಮುಗಿಯಲಿ, ನೋಡೋಣ ಅಂದ. ನಗು ಬಂದಿತ್ತು, ಕೆಲಸ ಬಂದಿರಲಿಲ್ಲ. ತಿಂಗಳು ಮುಗಿಯಲು ಇನ್ನು ಹನ್ನೊಂದು ದಿನ ಇತ್ತು. ನಾನೂ ಅಮ್ಮನೂ ದಿನವೂ ಆ ಫೋಟೊದ ಕೆಳಗೆ ಕಣ್ಣು ಹಾಯಿಸುತ್ತಿದ್ದೆವು, ಒಬ್ಬರಿಗೊಬ್ಬರು ಗೊತ್ತಾಗದ ಹಾಗೆ.

ಎಂಟನೆಯ ದಿನ ಮಧ್ಯಾಹ್ನ ಫೋನ್ ಬಡಿಯಿತು. ಶಾಲೆಗೆ ರಜೆ, ನಾನು ಅಡುಗೆಮನೆಯಲ್ಲಿ ಬಟಾಣಿ ಸುಲಿಯುತ್ತಿದ್ದೆ. ಅಮ್ಮ ಎತ್ತಿದಳು. ಆ ಕಡೆಯ ಹೆಂಗಸಿನ ದನಿ ನನಗೂ ಕೇಳುತ್ತಿತ್ತು. ಉಲ್ಲಾ... ಎಂದು ನಿಂತು, ಮತ್ತೆ ಶುರು ಮಾಡಿ, ಉಲ್ಲಾಗಾಡಿ ಎಂದು ಹೇಗೋ ಮುಗಿಸಿ, ಮಿಸೆಸ್ ಅವರೇನಾ ಮಾತಾಡುತ್ತಿರುವುದು ಎಂದು ಕೇಳಿತು. ಅಮ್ಮ ಒಂದು ಕ್ಷಣ ನನ್ನ ಮುಖ ನೋಡಿದಳು. ಹನ್ನೆರಡು ವರ್ಷದ ಸಂಸಾರದಲ್ಲಿ ಒಂದು ದಿನವೂ ಒಪ್ಪಿಕೊಳ್ಳದವಳು, ಬೆನ್ನು ನೆಟ್ಟಗೆ ಮಾಡಿಕೊಂಡು,

"ಯೆಸ್. ಐ ಆ್ಯಮ್ ಮಿಸೆಸ್ ಉಳ್ಳಾಗಡ್ಡಿ," ಅಂದಳು.

ಮೆಲ್ಬರ್ನಿನ ಬಾಕ್ಸ್ ಹಿಲ್‌ನಿಂದ ಕರೆ. ನೀರು ಸರಬರಾಜಿನ ಕೆಲಸ ಮಾಡುವ ಒಂದು ಆಫೀಸು. ಸೋಮವಾರ ಇಂಟರ್ವ್ಯೂ, ಬರಲಾಗುತ್ತದೆಯೇ? ವಾರದಿಂದ ಫೋನ್ ಮಾಡುತ್ತಿದ್ದಾರಂತೆ, ರೆಸ್ಯೂಮೆಯಲ್ಲಿದ್ದ ನಂಬರು ಬಂದ್ ಆಗಿದೆ ಅನ್ನುತ್ತಿದೆಯಂತೆ. ಇನ್ನು ಬಿಟ್ಟುಬಿಡೋಣ ಅಂದುಕೊಂಡು, ಕೊನೆಗೆ ಡೈರೆಕ್ಟರಿ ವಿಚಾರಣೆಗೆ ಕೇಳಿದರೆ, ಸಿಡ್ನಿಯಲ್ಲಿ ಆ ಹೆಸರಿನವರು ಒಬ್ಬರೇ ಇದ್ದಾರೆ ಎಂದು ನಂಬರ್ ಕೊಟ್ಟರಂತೆ.

ಸಂಜೆ ಅಪ್ಪ ಬಂದಾಗ ಅಮ್ಮ ಬಾಗಿಲಲ್ಲೇ ಹೇಳಿದಳು. ಅಪ್ಪ ಚಪ್ಪಲಿ ಬಿಡದೆ ಒಳಗೆ ಓಡಿ, ರೆಸ್ಯೂಮೆ ತೆಗೆದು ನೋಡಿ, ಹಣೆ ಹಣೆ ಬಡಿದುಕೊಂಡ. ಸಿಡ್ನಿಗೆ ಬಂದ ಹೊಸದರಲ್ಲಿ ನಾವಿದ್ದ ಫ್ಲ್ಯಾಟಿನ ಫೋನ್ ನಂಬರು! ಮನೆ ಬದಲಿಸಿದಾಗ ವಿಳಾಸ ತಿದ್ದಿದ್ದ, ನಂಬರ್ ತಿದ್ದುವುದನ್ನು ಮರೆತಿದ್ದ. ಇಷ್ಟು ಕಾಲ ಎಷ್ಟು ಜನ ಆ ಸತ್ತ ನಂಬರಿಗೆ ಫೋನ್ ಮಾಡಿದ್ದರೋ ದೇವರಿಗೇ ಗೊತ್ತು. ಹೆಸರು ನೋಡಿಯೇ ಪಕ್ಕಕ್ಕಿಟ್ಟವರೂ ಇದ್ದಿರಬಹುದು, ಇರಲಿಲ್ಲ ಎಂದು ನಾನು ಹೇಳುವುದಿಲ್ಲ. ಅಂಥವರನ್ನು ನಾನೇ ಮುಂದೆ ಕಂಡಿದ್ದೇನೆ. ಆದರೆ ನಾವು ವಾಕರ್ ಆಗಿದ್ದರೆ ಆ ಹೆಂಗಸು ಪುಟಗಟ್ಟಲೆ ವಾಕರ್‌ಗಳಲ್ಲಿ ವಿಳಾಸ ಹೊಂದಿಸಿ ನೋಡುತ್ತ ಕೂರುತ್ತಿದ್ದಳೇ? ಇದನ್ನು ಮೊದಲು ಹೇಳಿದವಳು ಅಮ್ಮ. ಹೇಳಿದ್ದಷ್ಟೇ ಅಲ್ಲ, ದಿನಕ್ಕೆ ಮೂರು ಸಲ ಹೇಳಿದಳು. ಆ ರಾತ್ರಿಯ ಊಟಕ್ಕೆ ಅನ್ನ ಸಾರಿನ ಸರದಿಯಿದ್ದರೂ ಅವಳೇ ರೊಟ್ಟಿ ಬಡಿದಳು, ಪೇಪರ್ ಹಾಸಿದಳು, ಉಳ್ಳಾಗಡ್ಡಿ ತಂದಿಟ್ಟಳು. ಅಪ್ಪ ಮುಷ್ಟಿ ಎತ್ತಿ ಗುದ್ದಿದ ಗುದ್ದಿಗೆ ಕಿಟಕಿಯ ಗಾಜು ಝಲ್ ಎಂದಿತು. ಫಾರ್ಮ್ ಬಿಸಿ ಪಾತ್ರೆಯ ಕೆಳಗೆ ಹೋಯಿತು, ಮಸಿ ಹಿಡಿದು ಎರಡು ವಾರ ಅಲ್ಲೇ ಇತ್ತು.

ಕೆಲಸ ಸಿಕ್ಕಿತು. ಹೊರಡುವ ದಿನ ಅಮ್ಮ ವಾಕರ್ ಅಜ್ಜಿಯನ್ನು ಕುರ್ಚಿಯ ಮೇಲೆ ಕೂರಿಸಿ, ಮಡಿಲಿಗೆ ಅಕ್ಕಿ, ಕಾಯಿ, ಅರಿಸಿನದ ಕೊಂಬು ಹಾಕಿ ಉಡಿ ತುಂಬಿದಳು. ಗಂಡನಿಲ್ಲದವರಿಗೆ ಊರಲ್ಲಿ ಯಾರೂ ತುಂಬುವುದಿಲ್ಲ. ಅಪ್ಪ ಆ ಮಾತು ಎತ್ತುವ ಮೊದಲೇ ಅಮ್ಮ, "ಸುಮ್ನಿರಿ, ಶಾಸ್ತ್ರ ನನಗೂ ಗೊತ್ತು," ಅಂದಳು. ಅಜ್ಜಿ ಅಕ್ಕಿ ಚೆಲ್ಲದ ಹಾಗೆ ಏಪ್ರನ್ ಹಿಡಿದುಕೊಂಡು ಅತ್ತರು. ನಾವು ಅಳುತ್ತಲೇ ಮೆಲ್ಬರ್ನಿಗೆ ಬಂದು, ಗ್ಲೆನ್ ವೇವರ್ಲಿಯಲ್ಲಿ ಇಟ್ಟಿಗೆಯ ಗಟ್ಟಿ ಗೋಡೆಗಳ ಮನೆ ಹಿಡಿದೆವು. ಅಮ್ಮ ಸಿಟಿಜನ್‌ಶಿಪ್ಪಿನ ಫಾರ್ಮಿನಲ್ಲೂ ತನ್ನಪ್ಪನ ಹೆಸರನ್ನೇ ಬರೆದಳು. ಫೋನಿನಲ್ಲಿ ಮಾತ್ರ ಆಕೆ ಮಿಸೆಸ್ ಉಳ್ಳಾಗಡ್ಡಿ, ಇವತ್ತಿಗೂ.

ಮೆಲ್ಬರ್ನಿನ ಶಾಲೆಯಲ್ಲೂ ನಾನು ಹಳೆಯ ಚಾಳಿಯನ್ನೇ ಮುಂದುವರಿಸಿದ್ದೆ. ಟೀಚರ್ ಬಾಯಿ ತೆರೆಯುವ ಮೊದಲೇ ಹಿಯರ್. ಹೀಗೆ ವರ್ಷ ಕಳೆಯುವಷ್ಟರಲ್ಲಿ ಸಿಡ್ನಿಯಿಂದ ಒಂದು ದಪ್ಪ ಲಕೋಟೆ ಬಂತು. ಅಜ್ಜಿ ಹೊಸ ಫೋನ್ ಡೈರೆಕ್ಟರಿಯ ಎರಡು ಹಾಳೆ ಹರಿದು ಕಳಿಸಿದ್ದರು. ಒಂದರಲ್ಲಿ ನಾವಿದ್ದ ಜಾಗಕ್ಕೆ ಪೆನ್ಸಿಲ್ಲಿನ ಬಾಣದ ಗುರುತು. ಸಾಲು ಇರಲಿಲ್ಲ, ನಾವು ಊರು ಬಿಟ್ಟಿದ್ದೆವಲ್ಲ. ಇನ್ನೊಂದು ಹಾಳೆಯನ್ನು ಅಪ್ಪ ಕಿಟಕಿಯ ಬೆಳಕಿಗೆ ಹಿಡಿದು, ಬೆರಳಿಟ್ಟು ಮೇಲಿನಿಂದ ಕೆಳಗೆ ಬಂದ, ಬಂದು ನಿಂತ.

"ಸುಧಾ, ಲಗೂನ ಬಾ ಇಲ್ಲೆ! ಒಬ್ಬಾಕಿ ಅದಾಳ!"

ಗೋಟೋಬೆಡ್ ಜೆ. ಪೆಂಡಲ್ ಹಿಲ್‌ನ ನಮ್ಮ ಹಳೆಯ ಬೀದಿ, ನಮ್ಮ ಪಕ್ಕದ ಮನೆಯ ನಂಬರು. ಅಪ್ಪ ಆಗಲೇ ಫೋನ್ ತಿರುಗಿಸಿ, ಅಜ್ಜಿ ಎತ್ತಿದ ಕೂಡಲೇ, ಮಿಸ್ ಗೋಟೋಬೆಡ್ ಇದ್ದಾರೆಯೇ ಎಂದು ಕೇಳಿದ. ಆ ಕಡೆಯ ನಗು ಹೊರಗೆ ಬಟ್ಟೆ ಒಣಹಾಕುತ್ತಿದ್ದ ಅಮ್ಮನಿಗೂ ಕೇಳಿತಂತೆ.

ಮರುದಿನ ಬೆಳಿಗ್ಗೆ ಹಾಜರಿ. ಇಲ್ಲಿಯೂ ನನ್ನ ಮುಂದೆ ಒಬ್ಬ ಟ್ರಾನ್ ಇದ್ದ, ಅವನದು ಆಯಿತು. ಟೀಚರ್ ನಿಂತರು, ರೂಢಿಯ ಹಾಗೆ ನನ್ನ ಕಡೆ ನೋಡಿದರು. ನಾನು ಬಾಯಿ ಬಿಡಲಿಲ್ಲ. ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು. ಅವರು ಒಂದು ಸಲ ಶುರು ಮಾಡಿ ನಿಲ್ಲಿಸಿದರು, ಇನ್ನೊಂದು ಸಲ ಶುರು ಮಾಡಿ ಕ್ಷಮೆ ಕೇಳಿದರು. ನಾನು ಕಾದೆ. ಮೂರನೆಯ ಸಲ, ಒಂದೊಂದೇ ಅಕ್ಷರ ಜೋಡಿಸಿಕೊಂಡು, "ಗಿರಿಜಾ ಉಲ್ಲಾಗಡ್ಡಿ" ಎಂದು ಪೂರ್ತಿ ಕರೆದರು. ಆಮೇಲೆ ನಾನು ಹಿಯರ್ ಅಂದೆ.